ಹಳ್ಳಿಗೆ ಲಸಿಕೆ ಒಯ್ಯುವಾಗ ತಂಪು ಕಾಯುವ ಕ್ರಮ

ಮಂಡ್ಯ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಏಪ್ರಿಲ್ ಬಿಸಿಲಿನಲ್ಲಿ ಊರಿನ ಅಂಗನವಾಡಿಗೆ ಲಸಿಕೆ ಒಯ್ಯುವವರು ಬಿಸಿಗೆ ಹೆದರುವಷ್ಟು ಹಿಮಕ್ಕೆ ಹೆದರುವುದಿಲ್ಲ. ಲಸಿಕೆ ಎರಡರಿಂದಲೂ ಕೆಡುತ್ತದೆ. ಯಾವುದು ಯಾವುದರಿಂದ ಎಂಬುದನ್ನು ಮೊದಲು ತಿಳಿದಿರಬೇಕು.

ಪೋಲಿಯೊ ಹನಿಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಬಿಸಿಗೆ ಅದರ ಶಕ್ತಿ ಬೇಗ ಕುಗ್ಗುವುದರಿಂದ ದೊಡ್ಡ ಲಸಿಕಾ ಉಗ್ರಾಣಗಳಲ್ಲಿ ಅದನ್ನು ಮೈನಸ್ 15ರಿಂದ ಮೈನಸ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿಡುತ್ತಾರೆ. ಎಂಆರ್‌ಎನ್‌ಎ ಲಸಿಕೆಯಲ್ಲಿರುವ, ದೇಹಕ್ಕೆ ಸೂಚನೆ ಒಯ್ಯುವ ಅಣುವಿನ ಎಳೆ ಇನ್ನೂ ನಾಜೂಕು. ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯೇ ಅದನ್ನು ತುಂಡರಿಸುತ್ತದೆ, ಚಳಿ ಹೆಚ್ಚಿದಷ್ಟೂ ಆ ಕ್ರಿಯೆ ನಿಧಾನವಾಗುತ್ತದೆ. ಫೈಜರ್‌ನ ಕೋವಿಡ್ ಲಸಿಕೆಗೆ ಆರಂಭದಲ್ಲಿ ಮೈನಸ್ 70 ಡಿಗ್ರಿಯ ಆಸುಪಾಸಿನ ಚಳಿ ಬೇಕಾದದ್ದು ಇದಕ್ಕೇ. ನಮ್ಮ ಕಡೆ ಕೊಟ್ಟ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳಿಗೆ 2ರಿಂದ 8 ಡಿಗ್ರಿ ಸಾಕಾಗಿತ್ತು.

ಹೆಪಟೈಟಿಸ್ ಬಿ, ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ), ಟಿಡಿ (ಧನುರ್ವಾಯು ಮತ್ತು ಡಿಫ್ತೀರಿಯಾ ಲಸಿಕೆ) ಲಸಿಕೆಗಳ ಸ್ವಭಾವ ತಿರುಗುಮುರುಗು. ಇವುಗಳಲ್ಲಿರುವ ಅಲ್ಯೂಮಿನಿಯಂ ಲವಣದ ಕಣಗಳು ಹೆಪ್ಪುಗಟ್ಟಿದಾಗ ಗಂಟಾಗುತ್ತವೆ, ಕರಗಿದ ಮೇಲೂ ಮೊದಲಿನಂತಾಗುವುದಿಲ್ಲ. ಆದ್ದರಿಂದ ಆರೋಗ್ಯ ಕೇಂದ್ರದಲ್ಲಿ ಎಲ್ಲ ಲಸಿಕೆಗಳನ್ನೂ ಐಎಲ್‌ಆರ್ ಎಂಬ ಲಸಿಕೆ ಫ್ರಿಜ್‌ನ ಬುಟ್ಟಿಯಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು. ತಳದಲ್ಲಿ ಚಳಿ ಹೆಚ್ಚಾದ್ದರಿಂದ ಅಲ್ಲಿ ಇಡಕೂಡದು. ಕೇಂದ್ರದ ಡೀಪ್ ಫ್ರೀಜರ್ ಇರುವುದು ಐಸ್‌ಪ್ಯಾಕ್ (ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿ) ಗಟ್ಟಿಮಾಡುವುದಕ್ಕಷ್ಟೇ. ತಾಪಮಾನವನ್ನು ದಿನಕ್ಕೆರಡು ಬಾರಿ, ರಜೆಯ ದಿನವೂ ಬಿಡದೆ, ಬರೆದಿಡಿ.

ಇನ್ನು ಕ್ಯಾರಿಯರ್, ಅಂದರೆ ಲಸಿಕೆ ಒಯ್ಯುವ ಪೆಟ್ಟಿಗೆ, ತುಂಬುವ ಕೆಲಸ. ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್‌ಗಳನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿ, ಮೇಲಿನ ಬಿಳಿ ಮಂಜು ಕರಗಿ ಬೆವರತೊಡಗುವವರೆಗೆ ಕಾಯಿರಿ. ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ನೀರು ಗುಳುಗುಳು ಎಂದರೆ ಮಾತ್ರ ಒರೆಸಿ, ನಾಲ್ಕು ಬದಿಗೆ ನಾಲ್ಕನ್ನು ನಿಲ್ಲಿಸಿ, ನಡುವೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಸೀಸೆಗಳನ್ನಿರಿಸಿ ಮುಚ್ಚಳ ಬಿಗಿಮಾಡಿ. ಹೊರಡುವ ಗಡಿಬಿಡಿಯಲ್ಲಿ ತಪ್ಪಿಹೋಗುವ ಹೆಜ್ಜೆಯೂ ಈ ಕಾಯುವಿಕೆಯೇ. ಕಲ್ಲಿನಂತಿರುವ ಐಸ್‌ಪ್ಯಾಕ್ ತಾಗಿದ ಪೆಂಟಾ ಸೀಸೆ ದಾರಿಯಲ್ಲೇ ಕೆಡಬಹುದು.

ಊರಿಗೆ ತಲುಪಿದ ಮೇಲೆ ಸೀಸೆಯ ಮೇಲಿನ, ಬಿಸಿ ತಾಗಿದಷ್ಟೂ ಬಣ್ಣ ಬದಲಾಗುವ ವಿವಿಎಂ ಗುರುತನ್ನು ನೋಡಿ: ಒಳಗಿನ ಚೌಕದ ಬಣ್ಣ ಹೊರವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ಸಮನಾದರೆ ಅಥವಾ ಗಾಢವಾದರೆ ಬಳಸಬಾರದು. ಆದರೆ ಈ ಗುರುತು ತಾಗಿದ ಬಿಸಿಯನ್ನು ಹೇಳುತ್ತದೆಯೇ ಹೊರತು ಚಳಿಯನ್ನಲ್ಲ. ಅಲ್ಯೂಮಿನಿಯಂ ಇರುವ ಲಸಿಕೆ ಹೆಪ್ಪುಗಟ್ಟಿರಬಹುದೆಂಬ ಅನುಮಾನವಿದ್ದರೆ, ಅದೇ ಬ್ಯಾಚಿನ ಇನ್ನೊಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಎರಡನ್ನೂ ಕುಲುಕಿ ಪಕ್ಕಪಕ್ಕ ಇಡಿ. ಅನುಮಾನದ ಸೀಸೆಯಲ್ಲೂ ಗಸಿ ಅಷ್ಟೇ ಬೇಗ ತಳಕ್ಕಿಳಿದರೆ ಅದನ್ನು ಬಳಸಕೂಡದು. ಗಟ್ಟಿಯಾಗಿಯೇ ಕಂಡ ಸೀಸೆಗೆ ಈ ಪರೀಕ್ಷೆಯೂ ಬೇಡ, ನೇರವಾಗಿ ಬೇರೆಯಿಡಿ. ಬಿಸಿಜಿ (ಕ್ಷಯದ ಲಸಿಕೆ) ಮತ್ತು ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಪುಡಿಯನ್ನು ಕಲಸಿದ ಸಮಯವನ್ನು ಸೀಸೆಯ ಮೇಲೆ ಬರೆದು, 4 ಗಂಟೆ ಕಳೆದ ಮೇಲೆ ಉಳಿದದ್ದನ್ನು ಯಾರಿಗೂ ಕೊಡಬೇಡಿ.