ಬಲ್ಬಿಗಿಂತ ಮೊದಲು ವೈರು ನೋಡಿ: ಹೆಡ್‌ಲೈಟ್ ಸರಿ ಮಾಡಿಕೊಂಡ ನನ್ನ ಅನುಭವ

ನಮ್ಮ ಮನೆ ಮೂಡಿಗೆರೆ ಹತ್ತಿರ. ಕೆಲಸ ಚಿಕ್ಕಮಗಳೂರಿನಲ್ಲಿ. ಸಂಜೆ ಹೊರಡುವಾಗ ಏಳು ಗಂಟೆ ದಾಟಿರುತ್ತದೆ. ದಾರಿಯ ಎರಡೂ ಕಡೆ ಕಾಫಿ ತೋಟ, ಮೇಲೆ ಸಿಲ್ವರ್ ಓಕ್ ಮತ್ತು ನೆರಳಿನ ಮರಗಳು. ಹುಣ್ಣಿಮೆಯಿದ್ದರೂ ಬೆಳಕು ರಸ್ತೆಗೆ ಇಳಿಯುವುದಿಲ್ಲ. ಹೋದ ವರ್ಷ ಜುಲೈ ಮಳೆಯಲ್ಲಿ, ಒಂದು ತಿರುವಿನ ಹತ್ತಿರ, ಕಂಬಳಿ ಕೊಪ್ಪೆ ಹಾಕಿಕೊಂಡ ಅಜ್ಜ ಒಬ್ಬರು ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ಅವರು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಕಾರು ಅವರ ಪಕ್ಕಕ್ಕೇ ಬಂದುಬಿಟ್ಟಿತ್ತು. ಏನೂ ಆಗಲಿಲ್ಲ. ಆದರೆ ಮನೆ ಮುಟ್ಟುವ ತನಕ ಕೈ ನಡುಗುತ್ತಿತ್ತು.

ಮಾರನೇ ದಿನವೇ ಅಂಗಡಿಗೆ ಹೋದೆ. "ಜಾಸ್ತಿ ಬೆಳಕು ಬೇಕು" ಅಂದೆ. 100/90 ವ್ಯಾಟಿನ ಬಲ್ಬ್ ಕೊಟ್ಟರು. ನನ್ನ ಕಾರಿಗೆ ಬರುವುದು ಎಚ್4 ಅನ್ನುವ ಹ್ಯಾಲೊಜೆನ್ ಬಲ್ಬ್. ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್ ಇರುತ್ತದೆ, ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ವೈರು, ಹೋಲ್ಡರು, ಸ್ವಿಚ್ಚು ಎಲ್ಲವೂ ಅಷ್ಟಕ್ಕೇ ಲೆಕ್ಕ ಹಾಕಿ ಮಾಡಿದವು. ಅವತ್ತು ಇದನ್ನೆಲ್ಲ ನಾನು ಯೋಚಿಸಲಿಲ್ಲ. ಬೆಳಕು ಚೆನ್ನಾಗಿಯೇ ಬಂತು, ಖುಷಿಯಾಯಿತು.

ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಎಡಗಡೆ ಲೈಟು ಮಿಣಮಿಣ ಅಂದು ಆರಿತು. ಬಾನೆಟ್ ಎತ್ತಿ, ರಬ್ಬರ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಬಿಳಿ ಹೋಲ್ಡರು ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ಕು ಬೆಲ್ಲದ ಪಾಕದ ಹಾಗೆ ಕರಗಿ ಇಳಿದಿತ್ತು. ವೈರಿನ ಹೊದಿಕೆ ಕಡ್ಡಿಯಂತೆ ಗಟ್ಟಿಯಾಗಿ, ಮಡಚಿದರೆ ಪಟ್ ಅಂತ ಬಿರಿಯುತ್ತಿತ್ತು. 12 ವೋಲ್ಟಿನಲ್ಲಿ 60 ವ್ಯಾಟ್ ಅಂದರೆ 5 ಆಂಪಿಯರ್, 100 ವ್ಯಾಟ್ ಅಂದರೆ 8 ಆಂಪಿಯರ್ ದಾಟುತ್ತದೆ. ಸಣ್ಣ ವೈರಿನಲ್ಲಿ, ಹಳೇ ಪಿನ್ನಿನಲ್ಲಿ ಅಷ್ಟು ಕರೆಂಟು ಹರಿದರೆ ಕಾಯದೆ ಇನ್ನೇನಾಗುತ್ತದೆ? ಬೆಂಕಿ ಹತ್ತಲಿಲ್ಲ ಅನ್ನುವುದೇ ದೊಡ್ಡದು. ಅಂಥ ಬಲ್ಬು ರಸ್ತೆಯ ಮೇಲೆ ಬಳಸುವುದಕ್ಕೆ ಒಪ್ಪಿತವೂ ಅಲ್ಲ.

ಆಮೇಲೆ ಸಿಕ್ಕವರು ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್. "ಬಲ್ಬ್ ಆಮೇಲೆ ನೋಡೋಣ ಸಾರ್. ಇರೋ ಬಲ್ಬಿಗೆ ಸರಿಯಾಗಿ ಕರೆಂಟು ಬರ್ತಾ ಇದೆಯಾ, ಮೊದಲು ಅದು ನೋಡಿ" ಅಂದರು. ಈ ಮಾತಿಗೆ ನಾನು ಇವತ್ತಿಗೂ ಋಣಿ. ಕರಗದೆ ಉಳಿದಿದ್ದ ಬಲಗಡೆಗೆ ಹಳೇ 60/55 ಬಲ್ಬ್ ಹಾಕಿ, ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿಯೇ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 13.8 ವೋಲ್ಟ್. ಬಲ್ಬಿನ ಹಿಂಭಾಗದಲ್ಲಿ 12.1. ಉಳಿದ 1.7 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಇಳಿಯುತ್ತದೆ. ಶೇಕಡಾ 10 ಕಡಿಮೆಯಾದರೆ ಬೆಳಕು ಹತ್ತಿರ ಹತ್ತಿರ ಶೇಕಡಾ 30 ಕಡಿಮೆ. ನನ್ನ ಕಾರಿನಲ್ಲಿ ಮೂರನೇ ಒಂದು ಭಾಗ ಬೆಳಕು ಹೀಗೇ ಹೋಗುತ್ತಿತ್ತು ಅಂತಾಯಿತು.

ಅದಕ್ಕೆ ಪರಿಹಾರ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ನಡುವೆ ಫ್ಯೂಸ್ ಹಾಕಿ, ರಿಲೇ ಮೂಲಕ ಬಲ್ಬಿಗೆ ಕೊಡುವುದು. ಹಳೇ ವೈರಿಗೆ ಇನ್ನು ಬಲ್ಬಿನ ಹೊರೆ ಇರುವುದಿಲ್ಲ, ರಿಲೇಯನ್ನು ಆನ್ ಆಫ್ ಮಾಡಿದರೆ ಸಾಕು. ಹೈ ಬೀಮಿಗೊಂದು, ಲೋ ಬೀಮಿಗೊಂದು, ಒಟ್ಟು ಎರಡು ರಿಲೇ ಬೇಕು. ರಿಲೇಯ ಕಾಲಿನ ಪಕ್ಕ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯಿಂದ ಬಂದ ವೈರು, 87ರಿಂದ ಬಲ್ಬಿಗೆ, 85 ಮತ್ತು 86 ಒಳಗಿನ ಕಾಯಿಲಿಗೆ. ನಾನು 2.5 ಚದರ ಮಿಲಿಮೀಟರ್ ವೈರು ಮತ್ತು ಸೆರಾಮಿಕ್ ಹೋಲ್ಡರ್ ಹಾಕಿದೆ. ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಇಡಬೇಕು. ಇಲ್ಲದಿದ್ದರೆ ವೈರು ಎಲ್ಲಾದರೂ ಕಾರಿನ ಲೋಹದ ಮೈಗೆ ತಾಗಿದಾಗ ತಡೆಯುವುದಕ್ಕೆ ಏನೂ ಇರುವುದಿಲ್ಲ. ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಕಳಚಿ ಇಡಿ.

ರೆಡಿಮೇಡ್ ಕಿಟ್ ತರುವವರು ಒಂದು ವಿಷಯ ನೋಡಿಕೊಳ್ಳಬೇಕು. ಕೆಲವು ಕಾರುಗಳಲ್ಲಿ ಸ್ವಿಚ್ಚು ಪ್ಲಸ್ ಬದಲು ಅರ್ತ್ ಅನ್ನು, ಅಂದರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿಯನ್ನು, ಆನ್ ಆಫ್ ಮಾಡುತ್ತದೆ. ಅಂಥ ಕಾರಿಗೆ ಮಾಮೂಲಿ ಕಿಟ್ ಕೂರುವುದಿಲ್ಲ. ಹತ್ತು ನಿಮಿಷ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಅರ್ತ್ ಕಡೆಗೂ ಗಮನ ಬೇಕು. ನಮ್ಮ ಮಲೆನಾಡಿನ ಮಳೆಗೆ ಅರ್ತ್ ಬೋಲ್ಟ್ ತುಕ್ಕು ಹಿಡಿಯುವುದು ಸಾಮಾನ್ಯ. ನನ್ನ ಕಾರಿನದ್ದು ಬಿಚ್ಚಿದರೆ ಕೆಂಪು ಪುಡಿ ಉದುರಿತು. ಉಪ್ಪುಕಾಗದ ಹಾಕಿ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ಎಲ್ಲ ಮುಗಿಸಿ ಮೀಟರ್ ಹಿಡಿದಾಗ ಬಲ್ಬಿನಲ್ಲಿ 13.5 ವೋಲ್ಟ್! ಅದೇ 60/55 ಬಲ್ಬು, ಆದರೆ ಗೋಡೆಯ ಮೇಲೆ ಹಳದಿಯಾಗಿ ಬೀಳುತ್ತಿದ್ದ ಬೆಳಕು ಬೆಳ್ಳಗಾಗಿತ್ತು.

ಆಮೇಲೆ ಎರಡೂ ಕಡೆ ಹೊಸ ಬಲ್ಬ್ ಹಾಕಿದೆ, ಒಳ್ಳೆ ಕಂಪನಿಯ ಮಾಮೂಲಿ 60/55. ನೀಲಿ ಬಣ್ಣ ಬಳಿದದ್ದು ಬೇಡ ಅಂದೆ. ಆ ಬಣ್ಣವೇ ಒಂದಿಷ್ಟು ಬೆಳಕನ್ನು ತಿನ್ನುತ್ತದೆ. ಹೊಸ ಬಲ್ಬಿನ ಗಾಜು ಮಾತ್ರ ಬೆರಳಿನಿಂದ ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದ ಜಾಗ ಜಾಸ್ತಿ ಕಾದು ಬಲ್ಬು ಬೇಗ ಹೋಗುತ್ತದೆ. ಟಿಶ್ಯೂ ಸುತ್ತಿ ಹಿಡಿಯಿರಿ, ಮುಟ್ಟಿದ್ದರೆ ಸ್ಪಿರಿಟ್ ಹಾಕಿ ಒರೆಸಿ. ಮೂರು ಕಿವಿಗಳೂ ತಮ್ಮ ತಮ್ಮ ಕಚ್ಚಿನಲ್ಲಿ ಕೂತ ಮೇಲೆ ಸ್ಪ್ರಿಂಗ್ ಕ್ಲಿಪ್ ಹಾಕಿ. ಹಿಂದಿನ ರಬ್ಬರ್ ಮುಚ್ಚಳ ಮರೆಯಬೇಡಿ. ಅದಿಲ್ಲದಿದ್ದರೆ ಆಷಾಢದ ಮಳೆಗೆ ರಿಫ್ಲೆಕ್ಟರ್, ಅಂದರೆ ಬಲ್ಬಿನ ಸುತ್ತಲಿನ ಕನ್ನಡಿಯಂಥ ಬಟ್ಟಲು, ಅದರ ಒಳಗೆಲ್ಲ ನೀರು.

"ಎಲ್‌ಇಡಿ ಯಾಕೆ ಹಾಕಲಿಲ್ಲ?" ಅಂತ ತುಂಬಾ ಜನ ಕೇಳಿದರು. ನನ್ನ ಕಾರಿನ ರಿಫ್ಲೆಕ್ಟರನ್ನು ಹ್ಯಾಲೊಜೆನ್ ಫಿಲಮೆಂಟ್ ಇರುವ ಜಾಗಕ್ಕೆ ಸರಿಯಾಗಿ ಮಾಡಿದ್ದಾರೆ. ಬೆಳಕು ಹುಟ್ಟುವ ಜಾಗ, ಆಕಾರ ಬದಲಾದರೆ ಅದು ರಸ್ತೆಗೆ ಬೀಳುವ ಬದಲು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೋಗುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಮಂಜಿನಲ್ಲಿ ಅಂಥ ಕಾರು ಎದುರು ಬಂದರೆ ಒಂದು ಕ್ಷಣ ಏನೂ ಕಾಣುವುದಿಲ್ಲ. ಆ ಒಂದು ಕ್ಷಣದಲ್ಲಿ ಪಕ್ಕದಲ್ಲಿ ಇರುವುದು ಪ್ರಪಾತ. ಅದನ್ನು ನಾನು ಬೇರೆಯವರಿಗೆ ಮಾಡಲಾರೆ.

ಲೈಟಿನ ಮುಂದಿನ ಗಾಜು, ಅಂದರೆ ಪ್ಲಾಸ್ಟಿಕ್ ಲೆನ್ಸು, ಬಿಸಿಲಿಗೆ ಹಳದಿಯಾಗಿತ್ತು. ನೀರು ಹಾಕುತ್ತಾ 1000, ಆಮೇಲೆ 2000 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಹಾಕಿ, ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಸಿದೆ. ಕೋಟ್ ಇಲ್ಲದಿದ್ದರೆ ಮತ್ತೆ ಬೇಗ ಹಳದಿಯಾಗುತ್ತದೆ.

ಕೊನೆಯದು ಲೈಟಿನ ಎತ್ತರ. ನಮ್ಮಲ್ಲಿ ಇದನ್ನು ನೋಡುವವರೇ ಕಡಿಮೆ, ಅಲ್ವಾ? ಮನೆ ಮುಂದಿನ ಕಾಫಿ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ. ನೆಲ ಸಮ, ಒಂದು ತುದಿಯಲ್ಲಿ ಗೋದಾಮಿನ ಬಿಳಿ ಗೋಡೆ. ಟೈರಿನ ಗಾಳಿ ಸರಿ ಮಾಡಿಕೊಂಡು, ಡ್ರೈವರ್ ಸೀಟಿನಲ್ಲಿ ತಮ್ಮನನ್ನು ಕೂರಿಸಿ, ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿದೆ. ನೆಲದಿಂದ ಬಲ್ಬಿನ ನಡುವಿಗೆ ಎಷ್ಟು ಎತ್ತರವೋ ಅಳೆದು, ಗೋಡೆಯ ಮೇಲೆ ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಲೋ ಬೀಮಿನ ಮೇಲಂಚು ಆ ಗೆರೆಗೆ ಕೂರಬೇಕು. ಎಡಗಡೆಗೆ ಅದು ಮೇಲಕ್ಕೆ ಏರುತ್ತದೆ, ರಸ್ತೆ ಅಂಚಿನಲ್ಲಿ ನಡೆಯುವವರು ಕಾಣಲಿ ಅಂತಲೇ ಹಾಗೆ ಮಾಡಿರುವುದು. ನನ್ನ ಕಾರಿನ ಎಡಗಡೆ ಲೈಟು ಗೆರೆಗಿಂತ ಒಂದು ಗೇಣು ಕೆಳಗೆ ನೋಡುತ್ತಿತ್ತು. ಹಿಂದಿನ ಸ್ಕ್ರೂ ತಿರುಗಿಸುತ್ತಾ ಹೋದ ಹಾಗೆ ಗೋಡೆಯ ಮೇಲೆ ಬೆಳಕು ಮೆಲ್ಲಗೆ ಏರಿತು. ಅಜ್ಜ ಕಾಣದೆ ಹೋದದ್ದು ಆ ಕಡೆಯೇ.

ತೆಗೆದಿಟ್ಟ ಹಳೇ 60/55 ಬಲ್ಬು ಈಗ ಟಿಶ್ಯೂ ಸುತ್ತಿಕೊಂಡು ಡ್ಯಾಶ್‌ಬೋರ್ಡ್ ಬಾಕ್ಸಿನಲ್ಲಿದೆ, ದಾರಿಯಲ್ಲಿ ಒಂದು ಹೋದರೆ ಹಾಕಿಕೊಳ್ಳಲು.