ಕಬ್ಬನ್ ಉದ್ಯಾನದಲ್ಲಿ ಭಾನುವಾರದ ಸೈಕಲ್ ಸವಾರಿ: ಮಕ್ಕಳೊಂದಿಗೆ ಹೊರಡುವವರಿಗೆ

ಬೆಂಗಳೂರಿನಲ್ಲಿ ಮನೆಮಂದಿಯೆಲ್ಲ ಸೇರಿ ನೆಮ್ಮದಿಯಿಂದ ಸೈಕಲ್ ತುಳಿಯಲು ಭಾನುವಾರದ ಕಬ್ಬನ್ ಉದ್ಯಾನದಷ್ಟು ಅನುಕೂಲವಾದ ಜಾಗಗಳು ಹೆಚ್ಚಿಲ್ಲ. ಅಂದು ಉದ್ಯಾನದೊಳಗಿನ ರಸ್ತೆಗಳಿಗೆ ಮೋಟಾರು ವಾಹನಗಳ ಪ್ರವೇಶವಿರುವುದಿಲ್ಲ. ಡಾಂಬರು ಹಾಕಿದ ಅಗಲವಾದ ದಾರಿ, ಅಲ್ಲಲ್ಲಿ ಮಾತ್ರ ಸಣ್ಣ ಏರಿಳಿತ, ಬಹುಪಾಲು ನೆರಳು. ಆರೇಳು ವರ್ಷದ ಮಗುವಿಗೂ ಇದು ಭಾರವಾಗದು. ನನ್ನ ಅನುಭವದಲ್ಲಿ ಕಷ್ಟವಿರುವುದು ಉದ್ಯಾನದೊಳಗಲ್ಲ, ಅಲ್ಲಿಯವರೆಗೆ ತಲುಪುವುದರಲ್ಲಿ. ಆದ್ದರಿಂದ ತಯಾರಿಯ ಹೆಚ್ಚಿನ ಪಾಲನ್ನು ಆ ಭಾಗಕ್ಕೇ ಮೀಸಲಿಡಬೇಕು.

ಹಡ್ಸನ್ ವೃತ್ತ, ಕಸ್ತೂರಬಾ ರಸ್ತೆ, ಮಿನ್ಸ್ಕ್ ಚೌಕ, ಈ ಮೂರೂ ಕಡೆ ಭಾನುವಾರವೂ ಬಸ್ಸು ಕಾರುಗಳ ಓಡಾಟ ತಪ್ಪುವುದಿಲ್ಲ. ಹತ್ತಿರದಲ್ಲೇ ಮನೆಯಿದ್ದರೂ ಚಿಕ್ಕ ಮಕ್ಕಳನ್ನು ಆ ವೃತ್ತಗಳಲ್ಲಿ ಸ್ವತಂತ್ರವಾಗಿ ಸೈಕಲ್ ತುಳಿಯಲು ಬಿಡುವುದು ಸರಿಯಲ್ಲ. ಕಾರಿರುವವರು ಹಿಂದಿನ ಸೀಟು ಮಡಚಿ ಎರಡು ಸಣ್ಣ ಸೈಕಲ್ಲುಗಳನ್ನು ತರಬಹುದು. ಮುಂದಿನ ಚಕ್ರ ಬಿಚ್ಚಿದರೆ ಇನ್ನಷ್ಟು ಜಾಗ ಸಿಗುತ್ತದೆ. ಹದಿನಾರು ಇಂಚಿನ ಚಕ್ರದ ಮಕ್ಕಳ ಸೈಕಲ್ ಆಟೋದೊಳಗೂ ಹಿಡಿಸುತ್ತದೆ, ಚೈನಿನ ಎಣ್ಣೆ ಸೀಟಿಗೆ ತಾಗದಂತೆ ಹಳೆಯ ಬಟ್ಟೆಯೊಂದನ್ನು ಸುತ್ತಿದರೆ ಚಾಲಕರೂ ತಕರಾರು ಮಾಡುವುದಿಲ್ಲ. ಕಬ್ಬನ್ ಪಾರ್ಕ್ ಹೆಸರಿನ ಮೆಟ್ರೋ ನಿಲ್ದಾಣ ಪಕ್ಕದಲ್ಲೇ ಇದ್ದರೂ ಮಡಚಲಾಗದ ಸೈಕಲ್ಲನ್ನು ರೈಲಿನೊಳಗೆ ಒಯ್ಯುವಂತಿಲ್ಲ ಎಂಬುದು ನೆನಪಿರಲಿ. ದೊಡ್ಡವರಲ್ಲಿ ಒಬ್ಬರು ಸೈಕಲ್ ತುಳಿದುಕೊಂಡು ಬಂದು, ಇನ್ನೊಬ್ಬರು ಮಕ್ಕಳನ್ನೂ ಅವರ ಸೈಕಲ್ಲನ್ನೂ ಆಟೋದಲ್ಲಿ ಕರೆತರುವುದು ನಾವು ಹಲವು ಸಲ ಮಾಡಿರುವ ಏರ್ಪಾಡು.

ಸೈಕಲ್ಲನ್ನು ಶನಿವಾರ ಸಂಜೆಯೇ ನೋಡಿಡಬೇಕು. ಭಾನುವಾರ ಬೆಳಗಿನ ಆರು ಗಂಟೆಗೆ ಪಂಚರ್ ಅಂಗಡಿ ತೆರೆದಿರುವುದಿಲ್ಲ. ಟೈರಿಗೆ ಎಷ್ಟು ಗಾಳಿ ಬೇಕೆಂಬುದನ್ನು ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ತಿಂಗಳುಗಟ್ಟಲೆ ಬಾಲ್ಕನಿಯಲ್ಲಿ ನಿಂತಿದ್ದ ಸೈಕಲ್ಲಿನಲ್ಲಿ ಗಾಳಿ ಇಳಿದಿರುವುದು ಖಂಡಿತ, ಮಗು ‘ಕಾಲು ನೋವು’ ಎಂದು ಕೂರುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣವಾಗಿರುತ್ತದೆ. ಎರಡೂ ಬ್ರೇಕನ್ನು ಒಂದೊಂದಾಗಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಬೇಕು. ಮಗುವಿನ ಬೆರಳು ಬ್ರೇಕಿನ ಹಿಡಿಯನ್ನು ಸುಲಭವಾಗಿ ತಲುಪುತ್ತದೆಯೇ ಎಂಬುದನ್ನು ದೊಡ್ಡವರು ತಮ್ಮ ಕೈಯಿಂದ ಪರೀಕ್ಷಿಸಿದರೆ ತಿಳಿಯದು, ಮಗುವನ್ನೇ ಕೂರಿಸಿ ನೋಡಬೇಕು. ಹೊಸದಾಗಿ ಕಲಿತವರಿಗೆ ಸೀಟಿನ ಮೇಲೆ ಕುಳಿತಾಗ ಎರಡೂ ಪಾದ ನೆಲಕ್ಕೆ ಊರುವಷ್ಟು ತಗ್ಗಿರಲಿ. ಚೆನ್ನಾಗಿ ಬರುವವರಿಗೆ, ಪೆಡಲು ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಬಾಗಿರುವಷ್ಟು ಎತ್ತರ ಸರಿ.

ಹೆಲ್ಮೆಟ್ಟಿನ ವಿಷಯದಲ್ಲಿ ಉದಾಸೀನ ಸಲ್ಲದು. ಅದರ ಮುಂಭಾಗ ಹುಬ್ಬಿನಿಂದ ಎರಡು ಬೆರಳಿನಷ್ಟು ಮೇಲಿರಬೇಕು, ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು, ಗಲ್ಲದ ಕೆಳಗೆ ಒಂದೆರಡು ಬೆರಳು ತೂರುವಷ್ಟು ಸಡಿಲವಿದ್ದರೆ ಸಾಕು. ಜಡೆ, ಜುಟ್ಟು ಕಟ್ಟಿದ ಮಕ್ಕಳಿಗೆ ಹೆಲ್ಮೆಟ್ಟು ಹಿಂದಕ್ಕೆ ಜಾರಿ ಹಣೆ ಬಯಲಾಗುತ್ತದೆ. ಆ ದಿನ ಕೂದಲನ್ನು ಕತ್ತಿನ ಬಳಿ ತಗ್ಗಿಸಿ ಕಟ್ಟಿರಿ. ದುಪಟ್ಟಾ, ಅಗಲವಾದ ಪ್ಯಾಂಟಿನ ಅಂಚು, ಬಿಚ್ಚಿದ ಶೂ ದಾರ, ಇವು ಮೂರೂ ಚೈನಿಗೆ ಸಿಗುವ ವಸ್ತುಗಳೇ.

ಒಳಗೆ ಬಂದ ಮೇಲೆ ಅವಸರ ಬೇಡ. ಬೆಳಗಿನ ಆರೂವರೆಯಿಂದ ಎಂಟರವರೆಗೆ ದಾರಿ ಬಿಡುವಾಗಿರುತ್ತದೆ. ಆಮೇಲೆ ನಾಯಿಗಳನ್ನು ಕರೆತಂದವರು, ಸ್ಕೇಟಿಂಗ್ ಮಕ್ಕಳು, ಫೋಟೊ ತೆಗೆಸಿಕೊಳ್ಳುವವರು ಎಲ್ಲರೂ ಸೇರುತ್ತಾರೆ. ದೊಡ್ಡವರಲ್ಲಿ ಒಬ್ಬರು ಮುಂದೆ, ಒಬ್ಬರು ಕಟ್ಟಕಡೆಗೆ, ನಡುವೆ ಮಕ್ಕಳು. ಮಕ್ಕಳಲ್ಲಿಯೂ ಎಲ್ಲರಿಗಿಂತ ಚಿಕ್ಕವರು ಮೊದಲಿರಲಿ, ಏಕೆಂದರೆ ಹಿಂದಿನವರು ತಮ್ಮ ವೇಗವನ್ನು ತಗ್ಗಿಸಿಕೊಳ್ಳಬಹುದೇ ಹೊರತು ಚಿಕ್ಕವರು ದೊಡ್ಡವರ ವೇಗಕ್ಕೆ ಏರಲಾರರು. ಎಡಬದಿಯಲ್ಲೇ ಸಾಗಬೇಕು, ನಡೆಯುವವರನ್ನು ದಾಟುವಾಗ ಮೊದಲೇ ಬೆಲ್ ಮಾಡಿ, ಅವರು ತಿರುಗಿ ನೋಡಿದ ಮೇಲೆ ಬಲಕ್ಕೆ ಸರಿಯಬೇಕು. ನಾಯಿ ಎದುರಾದರೆ ವೇಗ ಹೆಚ್ಚಿಸದೆ ನಿಧಾನಿಸಬೇಕು, ಅಗತ್ಯವಿದ್ದರೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋಗಬೇಕು. ನಡೆಯುವವರಿಗೆಂದೇ ಇರುವ ಮಣ್ಣಿನ ಹಾದಿಗಳಿಗೆ ಮಕ್ಕಳು ಇಳಿಯದಂತೆ ನೋಡಿಕೊಳ್ಳಿ.

ಮಗುವಿಗೆ ಇಷ್ಟು ಕಿಲೋಮೀಟರು ಎಂಬ ಗುರಿಯನ್ನು ಹೇಳುವುದಕ್ಕಿಂತ, ನಿಲ್ಲುವ ಜಾಗಗಳನ್ನು ಹೇಳುವುದು ಒಳ್ಳೆಯದು. ಹಡ್ಸನ್ ವೃತ್ತದ ಕಡೆಯಿಂದ ಹೊರಟರೆ ರಾಜ್ಯ ಕೇಂದ್ರ ಗ್ರಂಥಾಲಯವಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಮೊದಲ ತಂಗುದಾಣ; ಅಲ್ಲಿಂದ ಬ್ಯಾಂಡ್ ಸ್ಟ್ಯಾಂಡ್, ಅದರಾಚೆಗೆ ಈಗ ಉಚ್ಚ ನ್ಯಾಯಾಲಯವಾಗಿರುವ ಕೆಂಪು ಬಣ್ಣದ ಅಠಾರಾ ಕಚೇರಿ, ಕೊನೆಗೆ ಬಾಲಭವನದ ದಿಕ್ಕು. 1870ರಲ್ಲಿ ರೂಪುಗೊಂಡ ಈ ಉದ್ಯಾನಕ್ಕೆ ಮೊದಲು ಮೀಡ್ಸ್ ಪಾರ್ಕ್ ಎಂದೂ, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದೂ ಹೆಸರಿಟ್ಟರು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಕಬ್ಬನ್. ಒಂದೇ ಜಾಗಕ್ಕೆ ಮೂರು ಹೆಸರೇಕೆ ಎಂದು ನಮ್ಮ ಮನೆಯ ಹುಡುಗಿ ಒಂದು ಸುತ್ತು ಪೂರ್ತಿ ಕೇಳುತ್ತ ಬಂದಿದ್ದಳು, ಏರು ಬಂದದ್ದೇ ಅವಳಿಗೆ ತಿಳಿಯಲಿಲ್ಲ.

ಕಾಲ ನೋಡಿ ಬಂದರೆ ಸವಾರಿಯ ಸೊಗಸು ಬೇರೆ. ಫೆಬ್ರುವರಿಯ ನಂತರ ಜಕರಂಡದ ನೇರಳೆ, ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರ್‌ನ ಕೆಂಪು. ಆದರೆ ಅದೇ ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಹಳೆಯ ಮರಗಳ ಕೊಂಬೆಗಳು ಮುರಿದು ಬೀಳುವುದುಂಟು. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ, ಅಥವಾ ಗಾಳಿ ಏಳುತ್ತಿದ್ದರೆ, ಸವಾರಿಯನ್ನು ಮುಂದಿನ ವಾರಕ್ಕೆ ಹಾಕುವುದೇ ಲೇಸು. ಒದ್ದೆ ರಸ್ತೆಯ ಮೇಲೆ ಬಿದ್ದ ಹೂವಿನ ರಾಶಿ ನೋಡಲು ಚೆಂದ, ಬ್ರೇಕು ಹಾಕಿದರೆ ಚಕ್ರ ಜಾರುತ್ತದೆ. ಅಲ್ಲಿ ಇಬ್ಬದಿಗೂ ವಾಲದೆ, ಪೆಡಲು ನಿಲ್ಲಿಸಿ, ನೇರವಾಗಿ ದಾಟಲು ಕಲಿಸಿರಿ.

ತಲೆಗೊಂದು ಬಾಟಲಿ ನೀರು, ಬಾಳೆಹಣ್ಣು, ಕಡಲೆ ಚಿಕ್ಕಿ ಇಷ್ಟು ಸಾಕು. ಮೊದಲ ಸಲ ಬಂದವರು ಮುಕ್ಕಾಲು ಗಂಟೆಗೆ ಮುಗಿಸಿರಿ, ಮಗು ಇನ್ನೊಂದು ಸುತ್ತು ಕೇಳುತ್ತಿದ್ದರೂ ಸರಿಯೇ. ಹೊರಗಿನ ರಸ್ತೆ ಕಾಣುವ ಮೊದಲೇ ಎಲ್ಲರೂ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆಯಬೇಕು: ಅಷ್ಟು ಹೊತ್ತು ಕಾರಿಲ್ಲದ ದಾರಿಯಲ್ಲಿ ತುಳಿದ ಮಗು, ಗೇಟಿನಾಚೆಯೂ ಅದೇ ದಾರಿಯೆಂದು ತಿಳಿದು ಮುನ್ನುಗ್ಗುವ ಸಂಭವ ಹೆಚ್ಚು.