ಇಷ್ಟವಾಗದ ಮನೆಯವರ ಕತೆಯನ್ನು ನಾನು ಓದುವ ರೀತಿ

ವಿವೇಕ ಶಾನಭಾಗರ 'ಘಾಚರ್ ಘೋಚರ್' ಬಂದದ್ದು 2013ರಲ್ಲಿ. ಕಿರುಕಾದಂಬರಿ, ಒಂದೇ ಪಟ್ಟಿಗೆ ಓದಿ ಮುಗಿಸಬಹುದು. ಅದರಲ್ಲಿರುವ ಅಮ್ಮ ನನಗೆ ಇಷ್ಟವಿಲ್ಲ. ಅವಳ ಮಗಳು ಮಾಲತಿ ಇಷ್ಟವಿಲ್ಲ, ಚಿಕ್ಕಪ್ಪನೂ ಇಷ್ಟವಿಲ್ಲ. ಕತೆ ಹೇಳುವ ಮಗನಂತೂ ಸ್ವಲ್ಪವೂ ಇಷ್ಟವಿಲ್ಲ. ಆದರೂ ಆ ಪುಸ್ತಕವನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತೇನೆ. ಕನ್ನಡದಲ್ಲಿ ನನಗೆ ತುಂಬಾ ಪ್ರಿಯವಾದ ಪುಸ್ತಕಗಳಲ್ಲಿ ಅದೂ ಒಂದು.

'ಅಂಥ ಜನರನ್ನು ಹೇಗೆ ಸಹಿಸಿಕೊಂಡು ಓದ್ತೀರಿ?' ಅಂತ ಗೆಳತಿಯೊಬ್ಬಳು ಕೇಳಿದ್ದಳು. ನಾನು ಮಾಡುವುದು ಇಷ್ಟೇ. ಪೆನ್ಸಿಲ್ ಹಿಡಿದು ಓದುತ್ತೇನೆ. ಯಾವ ವಾಕ್ಯದಲ್ಲಿ ಸಿಟ್ಟು ಬರುತ್ತದೋ ಅಲ್ಲಿ ಅಂಚಿನಲ್ಲಿ ಸಣ್ಣ ಚುಕ್ಕೆ ಇಡುತ್ತೇನೆ. ಪುಸ್ತಕ ಮುಗಿದ ಮೇಲೆ ಚುಕ್ಕೆ ಇರುವ ಪುಟಗಳಿಗೆ ಮಾತ್ರ ವಾಪಸ್ ಹೋಗುತ್ತೇನೆ. ಈ ಸಿಟ್ಟು ನನ್ನೊಳಗೆ ಹೇಗೆ ಬಂತು, ಲೇಖಕ ಅದಕ್ಕೆ ಏನು ಮಾಡಿದ ಅಂತ ಹುಡುಕುತ್ತೇನೆ.

ಮಸೂರ್ ದಾಲ್ ಪ್ರಸಂಗದಲ್ಲಿ ನನ್ನ ಚುಕ್ಕೆಗಳು ಜಾಸ್ತಿ. ಒಬ್ಬ ಹೆಂಗಸು ಡಬ್ಬಿಯಲ್ಲಿ ಮಸೂರ್ ದಾಲ್ ಅಡುಗೆ ತುಂಬಿಕೊಂಡು ಚಿಕ್ಕಪ್ಪನನ್ನು ಕೇಳುತ್ತಾ ಮನೆಗೆ ಬರುತ್ತಾಳೆ. ಅಮ್ಮ, ಮಾಲತಿ ಸೇರಿ ಬಾಯಿಗೆ ಬಂದಂತೆ ಬೈದು ಅವಳನ್ನು ಅಟ್ಟುತ್ತಾರೆ. ಚಿಕ್ಕಪ್ಪ ಹೊರಗೆ ಬರುವುದೇ ಇಲ್ಲ. ನಮ್ಮ ನಿರೂಪಕ ನೋಡುತ್ತಾ ಸುಮ್ನೆ ನಿಂತಿರುತ್ತಾನೆ. ಹೊಸದಾಗಿ ಮದುವೆಯಾಗಿ ಬಂದ ಅವನ ಹೆಂಡತಿ ಅನಿತಾ ಒಬ್ಬಳೇ ಇದು ತಪ್ಪು ಅಂತ ಹೇಳುವವಳು. ವಾಪಸ್ ಹೋಗಿ ನೋಡಿದಾಗ ನನಗೆ ಕಂಡದ್ದು ಇದು: ಮನೆಯವರು ಕೆಟ್ಟವರು ಅಂತ ನಿರೂಪಕ ಎಲ್ಲೂ ತೀರ್ಪು ಕೊಡುವುದಿಲ್ಲ. ಕಂಡದ್ದನ್ನು ಮೆತ್ತಗಿನ ದನಿಯಲ್ಲಿ ಹೇಳುತ್ತಾ ಹೋಗುತ್ತಾನೆ. ಅವನು ಆಡಬೇಕಾಗಿದ್ದ ಮಾತು ಓದುವವರ ಬಾಯಿಗೆ ಬರುತ್ತದೆ. ನನ್ನ ಸಿಟ್ಟಿಗೆ ಅಂತಲೇ ಲೇಖಕರು ಅಲ್ಲಿ ಜಾಗ ಬಿಟ್ಟಿದ್ದಾರೆ. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹಳೇ ಮನೆಯ ಇರುವೆಗಳ ಭಾಗವೂ ಹಾಗೇ. ಇರುವೆಗಳನ್ನು ಹೊಸಕಿ ಹಾಕುವುದನ್ನು ನಿರೂಪಕ ಮನೆಯ ಮಾಮೂಲಿ ಕೆಲಸದ ಹಾಗೆ ಹೇಳುತ್ತಾನೆ. ಮೊದಲ ಸಲ ಓದಿದಾಗ ಅಲ್ಲಿ ನಾನು ಚುಕ್ಕೆ ಇಟ್ಟಿರಲಿಲ್ಲ. ಕೊನೆ ಗೊತ್ತಿದ್ದು ಓದುವಾಗ ಕೈ ತಾನಾಗಿ ಪೆನ್ಸಿಲ್‌ಗೆ ಹೋಯಿತು.

ಇನ್ನೊಂದು ಕೆಲಸ, ಗಟ್ಟಿಯಾಗಿ ಓದುವುದು. ಇದನ್ನು ನಾನು ಭೈರಪ್ಪನವರ 'ಗೃಹಭಂಗ'ದಲ್ಲಿ ಕಲಿತೆ. 1970ರ ಕಾದಂಬರಿ. ಗಂಗಮ್ಮನನ್ನು ಮೆಚ್ಚಿದ ಓದುಗರನ್ನು ನಾನಂತೂ ಕಂಡಿಲ್ಲ. ಅವಳ ಮಗ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಅವನಿಗೆ ತನ್ನ ಊಟ ಆದರೆ ಆಯಿತು. ಮನೆಯಲ್ಲಿ ಉಳಿದವರು ಉಂಡರೋ ಬಿಟ್ಟರೋ, ಅದು ಅವನಿಗೆ ಬೇಕಿಲ್ಲ. ಈ ತಾಯಿ ಮಗನ ಮಾತುಗಳನ್ನು ಬಾಯಿಬಿಟ್ಟು ಓದಿ ನೋಡಿ. ಗಂಗಮ್ಮ ಬೈಯಲು ಶುರುಮಾಡಿದರೆ ಹಳ್ಳಿಗನ್ನಡ ಪೂರಾ ಜೋರಿನಲ್ಲಿ ಬರುತ್ತದೆ. ಕಿವಿಗೆ ಹಬ್ಬ, ಮನಸ್ಸಿಗೆ ಉರಿ. ಎರಡೂ ಒಟ್ಟಿಗೇ ಆಗುತ್ತದೆ, ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಲೇಖಕರು ಅವಳ ಬಾಯಿಯನ್ನು ಸ್ವಲ್ಪ ಮೆದು ಮಾಡಿದ್ದರೂ ನಂಜಮ್ಮನ ಗಟ್ಟಿತನ ನಮಗೆ ಇಷ್ಟು ಕಾಣುತ್ತಿರಲಿಲ್ಲ, ಅಲ್ವಾ?

ಎಲ್ಲ ಪುಸ್ತಕಕ್ಕೂ ನಾನು ಇಷ್ಟು ತಾಳ್ಮೆ ತೋರಿಸುವುದಿಲ್ಲ. ಪಾತ್ರ ಕೆಟ್ಟದ್ದು ಮಾಡುವುದಕ್ಕೆ ಅದರದ್ದೇ ಆದ ಕಾರಣ ಇದೆಯಾ ಅಂತ ನೋಡುತ್ತೇನೆ. ಕಾರಣ ಸಿಗದಿದ್ದರೆ ಪುಸ್ತಕ ಕೆಳಗಿಡುತ್ತೇನೆ. 'ಘಾಚರ್ ಘೋಚರ್'ನ ಅಮ್ಮನಿಗೆ ಕಾರಣ ಇದೆ. ಅಪ್ಪನೊಬ್ಬನ ಸಂಬಳದಲ್ಲಿ, ಇಕ್ಕಟ್ಟಿನ ಮನೆಯಲ್ಲಿ ಪೈಸೆ ಪೈಸೆ ಲೆಕ್ಕ ಹಾಕಿ ಬದುಕಿದವಳು ಅವಳು. ಈಗಿನ ಸುಖವೆಲ್ಲ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಬಂದದ್ದು. ಅವನಿಗೆ ಒಂದು ಕೂದಲೂ ಕೊಂಕಬಾರದು ಅನ್ನುವ ಅವಳ ಹಟದ ಹಿಂದೆ ಹಳೇ ಬಡತನಕ್ಕೆ ಮರಳುವ ಭಯ ಇದೆ. ಅದು ಅರ್ಥವಾದ ಮೇಲೂ ಅವಳು ನನಗೆ ಇಷ್ಟವಾಗಲಿಲ್ಲ. ಆದರೆ ಅವಳ ಒಂದು ಮಾತನ್ನೂ ಬಿಟ್ಟು ಓದಲು ಆಗಲಿಲ್ಲ.

ನೀವೂ ಮಾಡಿ ನೋಡುವುದಾದರೆ, ಇಡೀ ಪುಸ್ತಕ ಒಮ್ಮೆ ಮುಗಿಸಿಕೊಂಡು ಆ ಮಸೂರ್ ದಾಲ್ ಪುಟಗಳಿಂದ ಶುರು ಮಾಡಿ. ಎರಡನೇ ಸಲ ಬೈಯುವವರನ್ನು ಬಿಟ್ಟು, ಸುಮ್ಮನಿರುವವರನ್ನು ಮಾತ್ರ ನೋಡುತ್ತಾ ಹೋಗಿ.